ಯಾವ ರಿವಾಲ್ವರ್ ಒಳ್ಳೆಯದು, ಮೇಡಂ?

ಹೋದ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನನ್ನು ಕರೆದುಕೊಂಡು ಮನೆಗೆ ಬಂದಳು. ಮಲೆನಾಡಿನ ಅಡಿಕೆ ಬೆಳೆಗಾರರು. ಬರುವಾಗ ಒಂದು ಚಿಪ್ಪು ಬಾಳೆಹಣ್ಣು, ಒಂದು ಬಾಟಲಿ ಜೇನುತುಪ್ಪ ತಂದಿದ್ದರು. ಕಾಫಿ ಆಯಿತು, ಅಡಿಕೆ ಧಾರಣೆಯ ಮಾತಾಯಿತು, ಕೊಳೆರೋಗದ ಮಾತೂ ಆಯಿತು. ಆಮೇಲೆ ಆಕೆಯ ಗಂಡ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು, "ಮೇಡಂ, ಒಂದು ಒಳ್ಳೆ ರಿವಾಲ್ವರ್ ತಗೋಬೇಕು ಅಂತಿದೀನಿ. ಹೊಸದು ತಗೊಳ್ಳೋದೋ, ಹಳೇದು ಸಿಕ್ಕರೆ ನೋಡೋದೋ? ಯಾವುದು ಒಳ್ಳೇದು?" ಎಂದರು.

ಇಂಥ ಪ್ರಶ್ನೆಯನ್ನು ನಿವೃತ್ತ ಇತಿಹಾಸ ಉಪನ್ಯಾಸಕಿಯನ್ನು ಯಾಕೆ ಕೇಳಿದರು ಎಂದು ನಿಮಗನ್ನಿಸಬಹುದು. ನಾನು ಕಾಲೇಜಿನಲ್ಲಿ ಪಾಠದ ಜೊತೆಗೆ ಹುಡುಗಿಯರ ಎನ್‌ಸಿಸಿಯನ್ನೂ ನೋಡಿಕೊಂಡವಳು. ಅದಕ್ಕಾಗಿ ಗ್ವಾಲಿಯರ್‌ಗೆ ಹೋಗಿ ತರಬೇತಿ ಪಡೆದು ಬಂದಿದ್ದೆ. ಪಾಯಿಂಟ್ 22 ರೈಫಲ್ ಹಿಡಿದು, ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಗಿಹಿಡಿದು ಗುರಿಯಿಡುವುದನ್ನು ನಮ್ಮೂರಿನ ನೂರಾರು ಹುಡುಗಿಯರಿಗೆ ಹೇಳಿಕೊಟ್ಟಿದ್ದೇನೆ. ಈ ವಿದ್ಯಾರ್ಥಿನಿಯೂ ಅವರಲ್ಲೊಬ್ಬಳು. ಐದು ಗುಂಡಿಗೆ ನಾಲ್ಕನ್ನು ಒಂದು ರೂಪಾಯಿ ನಾಣ್ಯದಗಲದಲ್ಲಿ ಕೂರಿಸುತ್ತಿದ್ದಳು. ಮದುವೆಯಾದ ಮೇಲೆ ಅವಳ ಕೈಗೆ ಬಂದದ್ದು ಸೌಟು, ಆ ಮಾತು ಬೇರೆ.

"ಯಾರಿಗೆ ರಿವಾಲ್ವರ್?" ಎಂದು ಕೇಳಿದೆ. "ಮಗಳಿಗೆ" ಎಂದರು. ಉಳಿದದ್ದನ್ನು ಅವಳು ಹೇಳಿದಳು. ಮಗಳ ಮದುವೆಯಾಗಿ ಐದು ವರ್ಷ. ವರದಕ್ಷಿಣೆಯ ಮಾತೇ ಎತ್ತದ ಘನವಂತರು ಅವರು. ಕಾರು, ಒಡವೆ, ಬೆಳ್ಳಿ ಪಾತ್ರೆ ಎಲ್ಲವೂ 'ನಿಮ್ಮ ಮಗಳಿಗೆ ನೀವು ಕೊಡೋದು' ಎಂಬ ಲೆಕ್ಕದಲ್ಲಿ ಹೋಗಿದ್ದವು. ಎರಡನೆಯ ವರ್ಷದಿಂದ ತೋಟದ ಪಾಲಿನ ಮಾತು ಶುರುವಾಯಿತು. ಅಳಿಯನ ಹತ್ತಿರ ಲೈಸೆನ್ಸ್ ಇರುವ ಒಂದು ರಿವಾಲ್ವರ್ ಇತ್ತು. ರಾತ್ರಿ ಊಟಕ್ಕೆ ಕೂರುವಾಗ ಅದನ್ನು ತಂದು, ಬಟ್ಟೆಯಲ್ಲಿ ಒರೆಸಿ, ತಟ್ಟೆಯ ಪಕ್ಕ ಇಟ್ಟುಕೊಂಡು ಊಟ ಮಾಡುತ್ತಿದ್ದನಂತೆ. ಆ ಹುಡುಗಿ ಆಮೇಲೆ ನನಗೆ ತಾನೇ ಹೇಳಿದಳು: "ಒಂದು ದಿನವೂ ನನ್ನ ಕಡೆ ಹಿಡೀಲಿಲ್ಲ ಮೇಡಂ. ಬರೀ ಇಡ್ತಿದ್ರು. ನಾನು ಬಡಿಸ್ತಿದ್ದೆ." ಈಗ ಮೂರು ವರ್ಷದ ಮಗುವಿನೊಡನೆ ತವರಿಗೆ ಬಂದಿದ್ದಾಳೆ. ಅವನು ಎರಡು ಸಲ ರಾತ್ರಿ ಹೊತ್ತು ಜೀಪಿನಲ್ಲಿ ಬಂದು ತೋಟದ ಗೇಟಿನ ಹೊರಗೆ ಲೈಟು ಹಾಕಿಕೊಂಡು ನಿಂತು ಹೋಗಿದ್ದಾನೆ. ಅದಕ್ಕೆ ಅಪ್ಪನಿಗೆ ಹೊಳೆದ ಉತ್ತರ, ಅವನದಕ್ಕಿಂತ ಒಳ್ಳೆಯದೊಂದನ್ನು ಕೊಳ್ಳುವುದು.

ನಾನು ಬೈಯಲಿಲ್ಲ. ಮಗಳನ್ನು 'ಹೊಂದಿಕೊಂಡು ಹೋಗಮ್ಮ' ಎಂದು ವಾಪಸು ಕಳಿಸುವ ಅಪ್ಪಂದಿರನ್ನು ಬೇಕಾದಷ್ಟು ಕಂಡಿದ್ದೇನೆ. ಈ ಮನುಷ್ಯ ಹಾಗೆ ಮಾಡಿರಲಿಲ್ಲ. ಕೇಳಿದ ಪ್ರಶ್ನೆಗೆ ಮೊದಲು ನೇರವಾಗಿ ಉತ್ತರ ಕೊಡೋಣವೆಂದು ಕೂತೆ. ಗೆಳತಿಯರೇ, ಆ ಉತ್ತರವನ್ನು ನಿಮಗೂ ಹೇಳುತ್ತೇನೆ. ಇಂಥ ವಿಷಯವೆಲ್ಲ ಗಂಡಸರ ತಿಳುವಳಿಕೆಯೆಂದು ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ರಿವಾಲ್ವರನ್ನು ಸೀರೆಯ ಹಾಗೆ ಅಂಗಡಿಗೆ ಹೋಗಿ ಆರಿಸಿ ತರುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮೊದಲು ಲೈಸೆನ್ಸ್, ಆಮೇಲೆ ಆಯುಧ. ವಯಸ್ಸು 21 ತುಂಬಿರಬೇಕು, ಜಿಲ್ಲಾಧಿಕಾರಿಗೋ ಪೊಲೀಸ್ ಕಮಿಷನರಿಗೋ ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು. 2016ರ ನಿಯಮಗಳು ಬಂದ ಮೇಲೆ ಆಯುಧವನ್ನು ಸುರಕ್ಷಿತವಾಗಿ ಇಡುವ ವ್ಯವಸ್ಥೆಯ ಬಗ್ಗೆ ಬರೆದುಕೊಡಬೇಕು, ತರಬೇತಿಯನ್ನೂ ಪಡೆಯಬೇಕು. 2019ರ ತಿದ್ದುಪಡಿಯಿಂದ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಪೊಲೀಸರ, ಸೈನ್ಯದ ಬೋರುಗಳು ಸಾಮಾನ್ಯರಿಗೆ ನಿಷಿದ್ಧ. ರಿವಾಲ್ವರ್‌ನಲ್ಲಿ ನಮ್ಮಂಥವರಿಗೆ ಉಳಿಯುವುದು ಮುಖ್ಯವಾಗಿ ಪಾಯಿಂಟ್ 32 ಮತ್ತು ಪಾಯಿಂಟ್ 22.

ಹೊಸದರಲ್ಲಿ ಬಹುಕಾಲದಿಂದ ಹೆಸರಾದದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32. ಇಂಗ್ಲಿಷರ ಹಳೆಯ ವೆಬ್ಲಿ ರಿವಾಲ್ವರಿನ ಮಾದರಿಯಲ್ಲೇ ಮಾಡಿದ್ದು. ಮೇಲಿನ ಚಿಲಕ ತೆಗೆದು ಬ್ಯಾರಲ್ಲನ್ನು ಕೆಳಕ್ಕೆ ಬಗ್ಗಿಸಿದರೆ ಆರೂ ಖಾಲಿ ತೋಟಾ ಒಮ್ಮೆಗೇ ಹೊರಗೆ ಬರುತ್ತವೆ. 2014ರ ಜನವರಿಯಲ್ಲಿ ಅಲ್ಲಿಂದಲೇ 'ನಿರ್ಭೀಕ್' ಬಂತು, ಹೆಂಗಸರಿಗಾಗಿಯೇ ಮಾಡಿದ ರಿವಾಲ್ವರ್ ಎಂಬ ಪ್ರಚಾರದೊಡನೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯದ ನಂತರ ದೇಶವೇ ಆ ಹುಡುಗಿಯನ್ನು ನಿರ್ಭಯಾ ಎಂದು ಕರೆಯಿತಲ್ಲ, ಅದರ ನೆನಪಿಗೆ ಈ ಹೆಸರು. ತೂಕ ಅರ್ಧ ಕಿಲೋ ಸುಮಾರು, ಟೈಟಾನಿಯಂ ಮಿಶ್ರಲೋಹ, ಆರು ಗುಂಡು. ಬೆಲೆ ಆಗ 1,22,360 ರೂಪಾಯಿ. ಮೆರೂನ್ ಬಣ್ಣದ ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಇಟ್ಟು ಕೊಡುತ್ತಿದ್ದರು! ಆ ಚಿತ್ರ ಪತ್ರಿಕೆಯಲ್ಲಿ ನೋಡಿದಾಗ ನನಗೆ ಮದುವೆಮನೆಯ ಜವಳಿ-ಒಡವೆಗಳ ಸಾಲಿನಲ್ಲಿ ಇದೂ ಒಂದು ಸೇರುವ ದಿನ ದೂರವಿಲ್ಲ ಎನ್ನಿಸಿತ್ತು. ಆಮೇಲೆ ಬಂಗಾಳದ ಇಷಾಪುರ ಕಾರ್ಖಾನೆಯಿಂದ 'ನಿಡರ್' ಎಂಬ ಪುಟ್ಟ ಪಾಯಿಂಟ್ 22 ಬಂತು, ಕಾಲು ಕಿಲೋದ್ದು. ಎರಡು ಹೆಸರಿಗೂ ಅರ್ಥ ಒಂದೇ, ಭಯವಿಲ್ಲದವರು ಅಂತ. 2023ರ ಆಗಸ್ಟಿನಲ್ಲಿ ಕಾನ್ಪುರದಿಂದ 'ಪ್ರಬಲ್' ಬಿಡುಗಡೆಯಾಯಿತು. ಇದು ಸುಮಾರು 700 ಗ್ರಾಂ ತೂಗುತ್ತದೆ, ಇದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಐವತ್ತು ಮೀಟರಿನವರೆಗೆ ಗುಂಡು ಹೋಗುತ್ತದೆಂದು ಹೇಳಿಕೊಂಡರು. ಇದನ್ನೂ ಹೆಂಗಸರು ಸುಲಭವಾಗಿ ಬಳಸಬಹುದು ಎಂದೇ ಹೊಗಳಿದರು.

ಹೆಂಗಸರಿಗೆ ಹಗುರವಾದದ್ದು ಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾವಿಯಿಂದ ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ನಡೆಯುವವಳಿಗೆ ಮುಕ್ಕಾಲು ಕಿಲೋ ಕಬ್ಬಿಣ ಭಾರವೇ? ಕೋವಿ ಹಗುರವಾದಷ್ಟೂ ಜೋರಾಗಿ ಒದೆಯುತ್ತದೆ. ಮೊದಲ ಗುಂಡಿಗೇ ಕೈ ಮೇಲಕ್ಕೆ ಹಾರಿ, ಎರಡನೆಯದು ಎಲ್ಲಿಗೋ ಹೋಗುತ್ತದೆ. ಕೈಚೀಲದಲ್ಲಿ ಹೊತ್ತು ತಿರುಗುವವರಿಗೆ ಹಗುರವಾದದ್ದು ಅನುಕೂಲ. ಮನೆಯಲ್ಲಿಡುವುದಕ್ಕೆ ಸ್ವಲ್ಪ ತೂಕವಿರುವುದೇ ಮೇಲು. ನೋಡಬೇಕಾದದ್ದು ಟ್ರಿಗರನ್ನು. ನಮ್ಮ ದೇಶದ ರಿವಾಲ್ವರುಗಳ ಮೇಲಿನ ಹಳೆಯ ದೂರೇ ಟ್ರಿಗರ್ ಗಟ್ಟಿ ಎಂಬುದು. ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆಳೆದರೆ ಟ್ರಿಗರ್ ಹಗುರವಾಗುತ್ತದೆ. ಎಳೆಯದೆ ನೇರ ಒತ್ತಿದರೆ ತೋರುಬೆರಳಿನ ಬಲವೆಲ್ಲ ಬೇಕು, ಅಷ್ಟರಲ್ಲಿ ಗುರಿ ತಪ್ಪಿರುತ್ತದೆ. ಹಾಗಾಗಿ ಯಾರು ಬಳಸುವರೋ ಅವರದೇ ಕೈಯಲ್ಲಿ ಹಿಡಿದು, ಖಾಲಿ ಮಾಡಿಸಿ, ಅಂಗಡಿಯವರ ಒಪ್ಪಿಗೆ ಪಡೆದು ಎಳೆದು ನೋಡಬೇಕು. ಹಿಡಿ ಅಂಗೈಗೆ ಕೂರಬೇಕು, ಬೆರಳು ಕಷ್ಟಪಡದೆ ಟ್ರಿಗರಿಗೆ ಸಿಕ್ಕಬೇಕು. ಅಪ್ಪನ ಕೈಗೆ ಹೊಂದಿದ್ದು ಮಗಳ ಕೈಗೆ ಹೊಂದಬೇಕೆಂದೇನೂ ಇಲ್ಲ. ಇನ್ನು ಐವತ್ತು ಮೀಟರಿನ ಮಾತು ಅಂಗಡಿಯ ಮಾತು. ನಮ್ಮ ಅಡುಗೆಮನೆಯಿಂದ ಜಗಲಿಗೆ ಎಷ್ಟು ಹೆಜ್ಜೆ?

ಪಿಸ್ತೂಲಿಗಿಂತ ರಿವಾಲ್ವರ್ ಮೇಲೆಂದು ಕೇಳಿಬರುವ ಮಾತಿನಲ್ಲಿ ಹುರುಳಿದೆ. ಒಂದು ತೋಟಾ ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ತೋಟಾ ಇದೆಯೋ ಇಲ್ಲವೋ ಎಂದು ತೆರೆದು ಕಣ್ಣಿಂದಲೇ ನೋಡಬಹುದು. ಹೊಸಬರಿಗೆ ಇದು ದೊಡ್ಡ ಅನುಕೂಲ.

ಹಳೆಯದರ ಕಥೆ ಉದ್ದ. ಎಂಬತ್ತರ ದಶಕದ ಮಧ್ಯದಿಂದ ಖಾಸಗಿಯವರಿಗಾಗಿ ವಿದೇಶಿ ಕೋವಿಗಳ ಆಮದು ನಿಂತುಹೋದ ಕಾರಣ, ತಾತಂದಿರ ಕಾಲದ ವೆಬ್ಲಿ, ಸ್ಮಿತ್ ಅಂಡ್ ವೆಸನ್ ಎಂದರೆ ಜನ ಬಾಯಿಬಿಡುತ್ತಾರೆ. ಬೆಲೆ ಹೊಸದಕ್ಕಿಂತ ಎಷ್ಟೋ ಪಟ್ಟು ಕೇಳುತ್ತಾರೆ. ಹೆಸರಿಗೆ ಮರುಳಾಗಬೇಡಿ ಎಂದು ನಾನು ಹೇಳಿದೆ. ನಮ್ಮ ಮಲೆನಾಡಿನ ಮಳೆಗಾಲ ತಿಂದುಹಾಕದ ಉಕ್ಕಿಲ್ಲ. ಮೊದಲು ಆರು ಮನೆಯನ್ನೂ ತೆರೆದು ಖಾಲಿಯೆಂದು ಖಾತ್ರಿ ಮಾಡಿಕೊಳ್ಳಬೇಕು. ಬ್ಯಾರಲ್ಲಿನ ತುದಿಯಲ್ಲಿ ಬಿಳಿ ಕಾಗದ ಹಿಡಿದು ಇನ್ನೊಂದು ಕಡೆಯಿಂದ ನೋಡಿದರೆ ಒಳಗಿನ ತಿರುಚು ಗೆರೆಗಳು ಚೂಪಾಗಿ ಹೊಳೆಯಬೇಕು. ಕಪ್ಪು ಚುಕ್ಕೆ ಕಂಡರೆ ತುಕ್ಕು ಕೊರೆದಿದೆ ಎಂದರ್ಥ. ಹ್ಯಾಮರನ್ನು ನಿಧಾನವಾಗಿ ಎಳೆಯುತ್ತಾ ಹೋದರೆ ಅದು ಪೂರ್ತಿ ಹಿಂದಕ್ಕೆ ಬರುವಷ್ಟರಲ್ಲಿ ಸಿಲಿಂಡರ್ ತಿರುಗಿ ಕಟ್ಟೆಂದು ನಿಲ್ಲಬೇಕು, ಹೀಗೆ ಆರು ಸಲವೂ. ಟ್ರಿಗರ್ ಒತ್ತಿ ಹಿಡಿದೇ ಸಿಲಿಂಡರನ್ನು ಅಲ್ಲಾಡಿಸಿ ನೋಡಬೇಕು. ಕೊಂಚ ಅಲುಗಿದರೆ ಸರಿ, ಗಡಗಡ ಎಂದರೆ ಬೇಡ. ಸಿಲಿಂಡರ್ ಸರಿಯಾದ ಜಾಗದಲ್ಲಿ ನಿಲ್ಲದ ರಿವಾಲ್ವರ್ ಸೀಸದ ಚೂರನ್ನು ಪಕ್ಕಕ್ಕೆ ಉಗುಳುತ್ತದೆ, ಹಿಡಿದವಳ ಕೈಗೇ ಅಪಾಯ. ಬಗ್ಗಿಸಿ ತೆರೆಯುವಂಥದ್ದಾದರೆ ಮಡಿಕೆಯ ಹತ್ತಿರ, ಚಿಲಕದ ಹತ್ತಿರ ಸಡಿಲ ಬಂದಿರುತ್ತದೆ. ಹೊಸದಾಗಿ ಪಾಲಿಶ್ ಮಾಡಿಸಿ ಮಿಂಚುತ್ತಿದ್ದರೆ ಇನ್ನೂ ಎಚ್ಚರ ಬೇಕು, ಸುಣ್ಣ ಹೊಡೆದು ಬಿರುಕು ಮುಚ್ಚಿದ ಗೋಡೆಯ ಹಾಗೆ. ಅದರ ಜೊತೆ ಪುಕ್ಕಟೆ ಕೊಡುವ ಹಳೆಯ ತೋಟಾ ಮುಟ್ಟಬೇಡಿ. ಆಯುಧದ ಮೇಲಿನ ನಂಬರ್ ಮಾರುವವರ ಲೈಸೆನ್ಸಿನಲ್ಲಿರುವ ನಂಬರಿಗೆ ತಾಳೆಯಾಗಬೇಕು, ಉಜ್ಜಿದ ಗುರುತು ಕಂಡರೆ ಎದ್ದು ಬಂದುಬಿಡಿ. ಲೈಸೆನ್ಸುದಾರರು ತಮ್ಮ ಆಯುಧ ಮಾರಬೇಕಾದರೆ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕೆಂದು ಕಾನೂನಿದೆ. 'ನಾಳೆಯೇ ತಗೊಂಡು ಹೋಗಿ' ಎನ್ನುವವನ ಹತ್ತಿರ ಯಾವತ್ತೂ ವ್ಯವಹಾರ ಬೇಡ. ಅಗ್ಗಕ್ಕೆ ಸಿಗುವ ನಾಡಪಿಸ್ತೂಲಂತೂ ಜೈಲಿನ ದಾರಿ. ಕೈಯಲ್ಲೇ ಸಿಡಿಯುವುದೂ ಉಂಟು.

ಕೊನೆಗೆ ನನ್ನ ತೀರ್ಪು ಹೇಳಿದೆ. ಅನುಭವವಿಲ್ಲದವರು ಕೊಳ್ಳುವುದಾದರೆ ಹೊಸದೇ ಕೊಳ್ಳಬೇಕು, ಪಾಯಿಂಟ್ 32, ತೂಕವಿರುವಂಥದ್ದು, ರಸೀದಿಯೊಡನೆ. ಹಳೆಯದು ಕೋವಿ ಬಲ್ಲವರೊಬ್ಬರು ಜೊತೆಗಿದ್ದರೆ ಮಾತ್ರ. ಕೊಂಡ ಮೇಲೆ ಅಭ್ಯಾಸವಿಲ್ಲದಿದ್ದರೆ ಅದು ಕೈಯಲ್ಲಿನ ಕಲ್ಲು. ಆದರೆ ವರ್ಷಕ್ಕೆ ಇಷ್ಟೇ ತೋಟಾ ಎಂಬ ಮಿತಿ ಲೈಸೆನ್ಸಿನಲ್ಲೇ ಬರೆದಿರುವುದರಿಂದ ಅಭ್ಯಾಸಕ್ಕೆ ಸಿಗುವುದೂ ಕಡಿಮೆ.

ಅಪ್ಪ ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆದುಕೊಂಡರು. ಅಲ್ಲಿಯವರೆಗೆ ಸುಮ್ಮನಿದ್ದ ನನ್ನ ವಿದ್ಯಾರ್ಥಿನಿ, "ಮೇಡಂ, ಅದನ್ನ ಇಡೋದೆಲ್ಲಿ?" ಎಂದಳು.

"ನನ್ನ ಬೀರುವಿನಲ್ಲಿ" ಎಂದು ಗಂಡ ತಕ್ಷಣ ಹೇಳಿದರು. ಬೀರುವಿನ ಬೀಗದ ಕೈ ಅವರ ಜನಿವಾರದಲ್ಲೇ ಇರುತ್ತದಂತೆ. ಲೈಸೆನ್ಸ್ ಯಾರ ಹೆಸರಿನಲ್ಲಿ ಎಂದೆ. "ನನ್ನ ಹೆಸರಿನಲ್ಲೇ ಮೇಡಂ. ಅವಳಿಗ್ಯಾಕೆ ಠಾಣೆ, ಡಿಸಿ ಆಫೀಸು ಅಂತ ಅಲೆದಾಟ?" ಎಂದರು. ನೋಡಿ, ಮಗಳಿಗೆಂದು ಹೊರಟ ರಿವಾಲ್ವರ್ ಕಾಫಿ ಲೋಟ ತೊಳೆಯುವಷ್ಟರಲ್ಲಿ ಅಪ್ಪನದಾಯಿತು! ಸ್ತ್ರೀಧನದ ಗತಿಯೂ ಇದೇ ಅಲ್ಲವೇ? ಅವಳ ಮೈಮೇಲೆ, ಅವರ ಬೀರುವಿನಲ್ಲಿ. ಅಪ್ಪ ತೋಟಕ್ಕೆ ಹೋದಾಗ, ಸೊಸೈಟಿಗೆ ಹೋದಾಗ ಆ ಹುಡುಗಿ ಏನು ಮಾಡಬೇಕು? ಮನೆಯಲ್ಲಿ ಮೂರು ವರ್ಷದ ಮಗುವಿದೆ. ತೋಟಾ ತುಂಬಿಸಿ ದಿಂಬಿನ ಕೆಳಗಿಟ್ಟರೆ ಮಗುವಿಗೆ ಅಪಾಯ. ಖಾಲಿ ಮಾಡಿ ಬೀಗ ಹಾಕಿಟ್ಟರೆ ಗೇಟು ಮುರಿದು ಬಂದವನು ಜಗಲಿ ದಾಟುವಷ್ಟರಲ್ಲಿ ತೆಗೆಯಲಾಗದು. ಈ ಗಂಟನ್ನು ಕಾನ್ಪುರದವರೂ ಬಿಡಿಸಿಲ್ಲ, ಇಂಗ್ಲೆಂಡಿನವರೂ ಬಿಡಿಸಿಲ್ಲ.

ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ರಿವಾಲ್ವರ್ ಯಾರ ಮೇಲೆ? ನಿರ್ಭೀಕ್‌ನ ಪ್ರಚಾರವೆಲ್ಲ ಕತ್ತಲ ದಾರಿಯ ಅಪರಿಚಿತನನ್ನು ಎದುರಿಗಿಟ್ಟುಕೊಂಡು ಹುಟ್ಟಿದ್ದು. ಈ ಹುಡುಗಿಯ ಎದುರಿಗಿರುವವನು ಅವಳ ಮಗುವಿನ ಅಪ್ಪ. ಐದು ವರ್ಷ ಬಡಿಸಿದ ಕೈ ಆ ಹೊತ್ತಿನಲ್ಲಿ ಒಂದು ಕ್ಷಣ ತಡೆಯುತ್ತದೆ. ಅವನು ತಡೆಯುತ್ತಾನೆಯೇ? ಅಮೆರಿಕದಲ್ಲಿ ಮನೆಮನೆಗೆ ಕೋವಿ. ಸ್ಮಿತ್ ಅಂಡ್ ವೆಸನ್ ಕಂಪನಿ 1989ರಲ್ಲೇ 'ಲೇಡಿಸ್ಮಿತ್' ಎಂಬ ಹೆಸರಿನಲ್ಲಿ ಹೆಂಗಸರಿಗೆ ರಿವಾಲ್ವರ್ ಮಾರಲು ಹೊರಟಿತ್ತು. ಅಲ್ಲಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಡೆಯುವ ಗಂಡನ ಕೈಗೆ ಕೋವಿ ಸಿಗುವಂತಿದ್ದರೆ ಹೆಂಡತಿ ಕೊಲೆಯಾಗುವ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ಕ್ಯಾಲಿಫೋರ್ನಿಯಾದ 2022ರ ಇನ್ನೊಂದು ಅಧ್ಯಯನ, ಕೈಕೋವಿ ಇಟ್ಟುಕೊಂಡವರೊಡನೆ ವಾಸಿಸುವವರು ತಮ್ಮ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಏಳು ಪಟ್ಟು ಎಂದಿತು. ಬಲಿಯಾದವರಲ್ಲಿ ಬಹುಪಾಲು ಹೆಂಗಸರು. ಮಣಿಪುರದಲ್ಲಿ ಗುಂಡಿಗೆ ಗಂಡಂದಿರನ್ನು ಕಳೆದುಕೊಂಡ ಹೆಂಗಸರನ್ನು ಸಂಘಟಿಸಿದ ಬಿನಾಲಕ್ಷ್ಮಿ ನೆಪ್ರಾಮ್ 2014ರಲ್ಲೇ ನಿರ್ಭೀಕ್ ಬಗ್ಗೆ ಎಚ್ಚರಿಕೆಯ ಮಾತಾಡಿದ್ದು ಸುಮ್ಮನೆ ಅಲ್ಲ.

ನಮ್ಮ ದೇಶದಲ್ಲಿ ವರದಕ್ಷಿಣೆ ಸಾವೆಂದು ದಾಖಲಾಗುವುದೇ ವರ್ಷಕ್ಕೆ ಆರು ಸಾವಿರದ ಆಸುಪಾಸು. ಸೀಮೆಎಣ್ಣೆ, ಹಗ್ಗ, ಬಾವಿ, ವಿಷ ಇದ್ದೇ ಇವೆ; ನಮ್ಮ ಕೊಲೆಗಡುಕರಿಗೆ ಕೋವಿ ಬೇಕಾಗಿಯೇ ಇಲ್ಲ. ಆದರೆ ಊಟದ ತಟ್ಟೆಯ ಪಕ್ಕದ ರಿವಾಲ್ವರ್ ಸಿಡಿಯದೆಯೇ ಮೂರು ವರ್ಷ ಕೆಲಸ ಮಾಡಿತಲ್ಲ! ಒಂದು ತೋಟಾ ಖರ್ಚಿಲ್ಲದೆ ಆ ಹುಡುಗಿಯ ಬಾಯಿ ಮುಚ್ಚಿಸಿತು. ಇಂಥ ದೌರ್ಜನ್ಯಕ್ಕೆ ಯಾವ ಅಪರಾಧ ಅಂಕಿಅಂಶದಲ್ಲಿ ಕಾಲಂ ಇದೆ?

ಆದ್ದರಿಂದ ನಾನು ಅವರಿಗೆ, ನೀವು ಕೊಳ್ಳುವ ರಿವಾಲ್ವರಿನ ಮಾತು ಬಿಡಿ, ಅವನ ರಿವಾಲ್ವರಿನ ಮಾತು ಆಡೋಣ ಎಂದೆ. ಶಸ್ತ್ರಾಸ್ತ್ರ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಲೈಸೆನ್ಸುದಾರ ಅದಕ್ಕೆ ಅನರ್ಹನೆಂದೋ, ಸಾರ್ವಜನಿಕ ಶಾಂತಿ-ಸುರಕ್ಷತೆಗೆ ಅಗತ್ಯವೆಂದೋ ಕಂಡರೆ ಕೊಟ್ಟವರೇ ಅದನ್ನು ಅಮಾನತಿನಲ್ಲಿಡಬಹುದು, ರದ್ದು ಮಾಡಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮತ್ತೆ ಮತ್ತೆ ಬೆದರಿಸುವುದೂ ಹಿಂಸೆಯೇ, ಗುಂಡು ಹಾರಲೇಬೇಕೆಂದಿಲ್ಲ. 18ನೆಯ ಸೆಕ್ಷನ್ನಿನಲ್ಲಿ ಸಂರಕ್ಷಣಾ ಆದೇಶ, 23ರಲ್ಲಿ ಮಧ್ಯಂತರ ಆದೇಶ ಕೇಳಬಹುದು. ಅದರ ನಿಯಮಗಳಲ್ಲಿ, ಹಿಂಸೆಯಲ್ಲಿ ಬಳಕೆಯಾದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವುದು ಕೋರ್ಟು ಸೂಚಿಸಿದರೆ ಸಂರಕ್ಷಣಾಧಿಕಾರಿ ಮಾಡಬೇಕಾದ ಕೆಲಸಗಳಲ್ಲೊಂದು. ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಮೊಟ್ಟೆ ಲೆಕ್ಕದ ನಡುವೆ ಈ ಕೆಲಸವೂ ತಮ್ಮದೆಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ!

ಠಾಣೆಗೆ ನಾನೂ ಹೋದೆ. ಅಲ್ಲಿನ ಅಧಿಕಾರಿ ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರು. "ಅವರು ಗೌರವಸ್ಥರು ಮೇಡಂ, ಲೈಸೆನ್ಸ್ ಕರೆಕ್ಟಾಗಿದೆ. ಫೈರ್ ಮಾಡಿಲ್ಲವಲ್ಲ?" ಎಂದರು. ಅವರ ಹಿಂದಿನ ಕೋಣೆ ನನಗೆ ಗೊತ್ತಿತ್ತು. ಮಲೆನಾಡಿನಲ್ಲಿ ಯಾವ ಚುನಾವಣೆ ಬಂದರೂ ಲೈಸೆನ್ಸ್ ಕೋವಿಗಳನ್ನು ಠಾಣೆಗೆ ತಂದೊಪ್ಪಿಸಿ ಎಂದು ನೋಟಿಸು ಬರುತ್ತದೆ. ಮಂಗ, ಕಾಡುಹಂದಿ ತೋಟ ಹಾಳುಮಾಡುವ ಹೊತ್ತಿನಲ್ಲಿ ಹೀಗೆ ಮಾಡುತ್ತಾರೆಂದು ರೈತರು ಗೊಣಗುತ್ತಲೇ ತಂದು ಆ ಕೋಣೆಯಲ್ಲಿ ಸಾಲಾಗಿ ಇಟ್ಟು, ಚೀಟಿ ಪಡೆದು ಹೋಗುತ್ತಾರೆ. ಅವರಲ್ಲಿ ಯಾರೂ ಗುಂಡು ಹಾರಿಸಿದವರಲ್ಲ. ಒಬ್ಬ ಮತದಾರನಿಗೆ ಹೆದರಿಕೆಯಾದೀತೆಂಬ ಶಂಕೆಗೇ ಸರ್ಕಾರ ಇಷ್ಟು ಮಾಡಬಲ್ಲದು. ಆ ಮತದಾರನ ಹೆಂಡತಿ, ಅವಳೂ ಮತದಾರಳೇ, ಹೆದರಿಕೆಯಾಗುತ್ತದೆ ಎಂದು ಬರೆದುಕೊಟ್ಟರೆ ಅದೇ ಕೋಣೆಯ ಬಾಗಿಲು ಯಾಕೆ ತೆರೆಯಬಾರದು? ಇದನ್ನು ನಾನು ಆ ಅಧಿಕಾರಿಯ ಎದುರೇ ಕೇಳಿದೆ. ನಕ್ಕು, "ಅದು ಎಲೆಕ್ಷನ್ ಮೇಡಂ" ಎಂದರು.

ಲೈಸೆನ್ಸ್ ಕೊಡುವ ಮೊದಲು ಪೊಲೀಸರು ಬಂದು ನೆರೆಹೊರೆಯವರನ್ನು ವಿಚಾರಿಸುತ್ತಾರೆ, ಠಾಣೆಯ ಕಡತ ತಿರುವುತ್ತಾರೆ. ಮನೆಯೊಳಗಿನ ಹೆಂಗಸನ್ನು ಬೇರೆಯಾಗಿ ಕೂರಿಸಿ ಕೇಳಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಕಾಫಿ ಕೊಟ್ಟು ಒಳಗೆ ಹೋಗುತ್ತಾಳೆ, ಅಷ್ಟೆ. ಕೆನಡಾ ದೇಶದಲ್ಲಿ ಕೋವಿ ಲೈಸೆನ್ಸಿನ ಅರ್ಜಿಯಲ್ಲಿ ಗಂಡ ಅಥವಾ ಹೆಂಡತಿಯ ಸಹಿಗೆ ಜಾಗವಿದೆ. ಸಹಿ ಇಲ್ಲದಿದ್ದರೆ ಅಧಿಕಾರಿಗಳು ಅವರಿಗೆ ತಿಳಿಸುತ್ತಾರೆ, ಬೇರೆಯಾದ ಹಿಂದಿನ ಸಂಗಾತಿಗೂ ಈ ಮಾತು ಅನ್ವಯಿಸುತ್ತದೆ. ಕೋವಿಯ ಹಕ್ಕನ್ನು ಸಂವಿಧಾನದಲ್ಲೇ ಬರೆದುಕೊಂಡಿರುವ ಅಮೆರಿಕದಲ್ಲೂ ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಇರುವವನ ಕೈಯಲ್ಲಿ ಕೋವಿ ಇರಕೂಡದೆಂಬ ಕಾನೂನನ್ನು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನಮ್ಮಲ್ಲಿ ಅರ್ಜಿ ಹಾಕುವಾಗಲೂ, ಐದು ವರ್ಷಕ್ಕೊಮ್ಮೆ ನವೀಕರಿಸುವಾಗಲೂ ಹೆಂಡತಿಯನ್ನು, ತಾಯಿಯನ್ನು, ಸೊಸೆಯನ್ನು ಗಂಡಸರ ಕಿವಿಗೆ ಬೀಳದಂತೆ ಒಬ್ಬ ಮಹಿಳಾ ಪೊಲೀಸ್ ಕೇಳಬೇಕು. ಕೌಟುಂಬಿಕ ಹಿಂಸೆಯ ದೂರು ಬಂದ ದಿನವೇ ಆ ಮನೆಯಲ್ಲಿ ಲೈಸೆನ್ಸ್ ಇದೆಯೇ ಎಂದು ನೋಡಿ ಆಯುಧ ಠಾಣೆಗೆ ಬರಬೇಕು. ದೂರು ಸುಳ್ಳಾದರೆ ವಾಪಸು ಒಯ್ಯಲಿ, ಚುನಾವಣೆ ಮುಗಿದ ಮೇಲೆ ಒಯ್ಯುವಂತೆ. ನಮ್ಮ ಸಂಘಟನೆಗಳು ಜಿಲ್ಲೆ ಜಿಲ್ಲೆಯಲ್ಲೂ ಈ ಬೇಡಿಕೆ ಇಡಬೇಕೆಂದು ನನ್ನ ಒತ್ತಾಯ.

ಹಾಗೆಂದು ಹೆಣ್ಣಿನ ಕೈಗೆ ಆಯುಧ ಒಗ್ಗದು ಎಂಬ ಪಕ್ಷದವಳಲ್ಲ ನಾನು. ಗಂಡನನ್ನು ಕಳೆದುಕೊಂಡು ಒಂಟಿಯಾಗಿ ಕಾಫಿ ತೋಟ ನಡೆಸುವ ನನ್ನ ಗೆಳತಿಯೊಬ್ಬಳು ಜೋಡುನಳಿಗೆ ಕೋವಿ ಇಟ್ಟುಕೊಂಡಿದ್ದಾಳೆ. ಲೈಸೆನ್ಸೂ ಅವಳದೇ, ಬೀಗದ ಕೈಯೂ ಅವಳದೇ, ಗುರಿಯೂ ಅವಳದೇ. ಅವಳಿಗೆ ಬೇಡ ಎನ್ನಲು ನಾನ್ಯಾರು? ಕೊಡಗಿನಲ್ಲಿ ಕೋವಿ ಮನೆಯ ದೇವರ ಸಮಾನ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿ ಅಲ್ಲಿಯದು. ಇವತ್ತು ಅಲ್ಲಿನ ಹೆಣ್ಣುಮಕ್ಕಳೂ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನು ನೋಡಿದರೆ ನನ್ನ ಹಳೆಯ ಎನ್‌ಸಿಸಿ ಮನಸ್ಸು ಹಿಗ್ಗುತ್ತದೆ. ನನ್ನ ತಕರಾರು, ಗಂಡನ ಕೋವಿ ಊಟದ ಮೇಜಿನ ಮೇಲೇ ಇರಲಿ, ನೀನೂ ಒಂದು ಕೊಂಡುಕೋ ಎಂದು ಹೆಣ್ಣಿಗೆ ಹೇಳುವ ಬಗ್ಗೆ. ಅದೂ ಲಕ್ಷಕ್ಕೂ ಮೀರಿದ ಬೆಲೆ ಕೊಟ್ಟು. ಗಾರ್ಮೆಂಟ್ಸಿನ ಹುಡುಗಿ, ತೋಟದ ಕೂಲಿಯವಳು ಎಲ್ಲಿಗೆ ಹೋಗಬೇಕು?

ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟ ಮನವಿಗೆ ಎರಡು ತಿಂಗಳು ಉತ್ತರ ಬರಲಿಲ್ಲ. ಮೂರನೆಯ ಸಲ ಹೋದಾಗ ಸಂರಕ್ಷಣಾಧಿಕಾರಿ, ಒಬ್ಬ ಕಿರಿಯ ಹೆಣ್ಣುಮಗಳು, ನಿಯಮದ ಪುಸ್ತಕ ತೆರೆಸಿ ನೋಡಿ, "ಇದು ಇಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ ಮೇಡಂ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಆವತ್ತೇ ವರದಿ ಬರೆದಳು. ಮ್ಯಾಜಿಸ್ಟ್ರೇಟರು ಮಧ್ಯಂತರ ಆದೇಶದಲ್ಲಿ ತೋಟದ ಗೇಟಿನ ಹತ್ತಿರ ಸು�ಳಿಯಕೂಡದೆಂದೂ, ಆಯುಧವನ್ನು ಠಾಣೆಗೆ ಒಪ್ಪಿಸಬೇಕೆಂದೂ ಬರೆದರು. ಏಳನೆಯ ದಿನ ಅದು ಠಾಣೆಯ ಆ ಕೋಣೆಗೆ ಬಂತು. ಅವನು ತಕರಾರು ಅರ್ಜಿ ಹಾಕಿದ್ದಾನೆ, ಬೆಳೆಗಾರನ ಪ್ರಾಣರಕ್ಷಣೆಗೆ ಅದು ಬೇಕೇ ಬೇಕಂತೆ.

ಅಪ್ಪ ಅರ್ಧ ತುಂಬಿಸಿದ ಲೈಸೆನ್ಸ್ ಅರ್ಜಿ ಇನ್ನೂ ನನ್ನ ಮೇಜಿನ ಮೇಲಿದೆ. ಅದನ್ನು ಹರಿಯಿರೆಂದು ನಾನು ಹೇಳಿಲ್ಲ. ಹೋದ ವಾರ ಆ ಹುಡುಗಿ ಬಂದಿದ್ದವಳು ಅದನ್ನು ತಿರುವಿ ನೋಡಿ, ಅಪ್ಪನ ಹೆಸರಿದ್ದ ಜಾಗದಲ್ಲಿ ಬೆರಳಿಟ್ಟು, "ಇಲ್ಲಿ ನನ್ನ ಹೆಸರು ಬರೀಬಹುದಾ ಮೇಡಂ?" ಎಂದು ಕೇಳಿದಳು. ಬರೆಯಬಹುದು, ಆದರೆ ಮೊದಲು ವಿಚಾರಣೆ ಮುಗಿಯಲಿ ಎಂದೆ. ವಿಚಾರಣೆ ಈ ತಿಂಗಳ ಕೊನೆಗಿದೆ. ಅವತ್ತು ಅವಳ ಜೊತೆ ನಾನೂ ಕೋರ್ಟಿಗೆ ಹೋಗುತ್ತಿದ್ದೇನೆ.